ಬೆಳ್ಳಿತೆರೆಯಲ್ಲಿ ಬೆಳ್ಳಿ ಯಾರು?

ಒಂದು

ಕನ್ನಡ ಸಿನಿಮಾದ ಚರಿತ್ರೆ ಬರೆದವರೆಲ್ಲ 'ಸಂಸ್ಕಾರ'ದ ಹತ್ತಿರ ಬಂದಾಗ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ನಿಲ್ಲಬೇಕಾದದ್ದೇ. 1970ರಲ್ಲಿ ಬಂದ ಆ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಹೊಸ ಅಲೆ ಅಂತ ಆಮೇಲೆ ಹೆಸರಾದದ್ದಕ್ಕೆ ದಾರಿ ಮಾಡಿತು. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಅದರ ಬಹುಪಾಲು ಚಿತ್ರೀಕರಣ ನಡೆದದ್ದರಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಓದಿದ ಜನ 'ಅದು ನಮ್ಮ ಕಡೆ ಸಿನಿಮಾ' ಅಂತ ಹೇಳಿಕೊಳ್ಳುವುದೂ ಉಂಟು. ಬ್ರಾಹ್ಮಣ್ಯವನ್ನು ಅದರ ಅಂಗಳದಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಿದ ಚಿತ್ರ ಎಂಬ ಮಾತಿನಲ್ಲಿ ಸುಳ್ಳಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಯಾವುದೇ ಸಿನಿಮಾ ಒಂದು ಊರಿಗೆ ಬಂದಾಗ ಮೂರು ವಸ್ತುಗಳನ್ನು ತೆಗೆದುಕೊಳ್ಳುತ್ತದೆ: ಆ ಊರಿನ ನೆಲ, ಆ ಊರಿನ ಕಥೆ, ಆ ಊರಿನ ಮುಖ. ನೆಲ ಮಲೆನಾಡಿನದಾಯಿತು. ಕಥೆ ಅಗ್ರಹಾರದ್ದಾಯಿತು. ಮುಖ? ಕಥೆಯೊಳಗೆ ಚಂದ್ರಿ ಇದ್ದಾಳೆ, ಬೆಳ್ಳಿ ಇದ್ದಾಳೆ, ಹೊಲಗೇರಿ ಇದೆ. ಈ ಜನರ ಸಂಕಟವಿಲ್ಲದೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆದರೆ ಚರಿತ್ರೆಯ ಪುಸ್ತಕಗಳಲ್ಲಿ ಈ ಚಿತ್ರ ಮಾಡಿದವರ ಹೆಸರುಗಳ ಪಟ್ಟಿ ತೆಗೆದರೆ ಮಲೆನಾಡಿನ ಕೇರಿಯಿಂದ ಬಂದ ಒಂದು ಹೆಸರೂ ಸಿಕ್ಕುವುದಿಲ್ಲ.

ಇದು ಒಂದು ಚಿತ್ರದ ಮೇಲಿನ ಆಪಾದನೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಇದೊಂದು ಪದ್ಧತಿ. ಒಳ್ಳೆಯ ಮನಸ್ಸಿನವರು, ಬದಲಾವಣೆ ಬೇಕೆಂದವರು ಕೂಡ ನಡೆದುಕೊಂಡು ಬಂದ ಪದ್ಧತಿ. ಒಳಗೇ ಕೂತವರಿಗೆ ಇದು ಕಾಣುವುದು ಕಷ್ಟ. ಹಾಗಾಗಿ ಒಮ್ಮೆ ಬಹಳ ದೂರ ಹೋಗಿ ಅಲ್ಲಿಂದ ತಿರುಗಿ ನೋಡಬೇಕು ಅಂತ ನನಗೆ ಅನ್ನಿಸುತ್ತದೆ. ನಮಗಿಂತ ಮೂರು ದಶಕ ಮೊದಲೇ, ತನ್ನ ತಳದ ಜನರ ಮುಖವನ್ನೇ ರಾಷ್ಟ್ರದ ಮುಖವೆಂದು ಜಗತ್ತಿಗೆ ತೋರಿಸಿ ಹೊಗಳಿಸಿಕೊಂಡ ಒಂದು ಸಿನಿಮಾ ಪರಂಪರೆ ಇದೆ. ಅದು ಮೆಕ್ಸಿಕೋದ್ದು.

ಎರಡು

ಕೊಲಂಬಸ್ ದಾರಿ ತಪ್ಪಿದ ಫಲವಾಗಿ ಆ ದೇಶದ ಮೂಲನಿವಾಸಿಗಳಿಗೂ 'ಇಂಡಿಯನ್' ಅನ್ನುವ ಹೆಸರೇ ಅಂಟಿಕೊಂಡಿತು. ಸ್ಪೇನಿನವರು ಬಂದ ಮೇಲೆ ನೆಲ ಕಳೆದುಕೊಂಡು, ದೊಡ್ಡ ಜಮೀನ್ದಾರರ ಹೊಲಗಳಲ್ಲಿ ಸಾಲಕ್ಕೆ ದುಡಿಯುವ ಆಳುಗಳಾದವರು ಈ ಜನ. 1910ರಲ್ಲಿ ಅಲ್ಲಿ ಕ್ರಾಂತಿಯಾಯಿತು. ಕ್ರಾಂತಿಯ ನಂತರದ ಸರ್ಕಾರಗಳಿಗೆ ಒಂದು ಹೊಸ ರಾಷ್ಟ್ರದ ಚಹರೆ ಬೇಕಾಗಿತ್ತು. ಯುರೋಪಿನದಲ್ಲದ, ತಮ್ಮದೇ ಆದ ಚಹರೆ. ದಿಯೆಗೊ ರಿವೇರಾನಂಥ ಕಲಾವಿದರು ಸರ್ಕಾರಿ ಕಟ್ಟಡಗಳ ಗೋಡೆಗಳ ಮೇಲೆ ಇಂಡಿಯನ್ ರೈತನನ್ನೂ ಇಂಡಿಯನ್ ತಾಯಿಯನ್ನೂ ಆಳೆತ್ತರಕ್ಕೆ ಬರೆದರು. 1930ರ ಕೊನೆಗೆ ರಷ್ಯಾದ ಐಸೆನ್‌ಸ್ಟೈನ್ ಮೆಕ್ಸಿಕೋಕ್ಕೆ ಬಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಚಿತ್ರೀಕರಿಸಿದ. ಆ ಚಿತ್ರ ಅವನ ಕೈಯಲ್ಲಿ ಪೂರ್ತಿಯಾಗಲಿಲ್ಲ. ಆದರೆ ಬಿಸಿಲು, ಮೋಡ, ಕತ್ತಾಳೆ ಗಿಡ, ಕಲ್ಲಿನಂತೆ ಮೌನವಾಗಿ ನಿಂತ ಇಂಡಿಯನ್ ಮುಖ - ಈ ನೋಟದ ಕ್ರಮ ಅಲ್ಲಿ ಉಳಿದುಹೋಯಿತು.

ಮುಂದಿನ ಇಪ್ಪತ್ತು ವರ್ಷ, ಅಂದರೆ ಸುಮಾರು 1936ರಿಂದ 1956ರವರೆಗಿನ ಅವಧಿಯನ್ನು ಮೆಕ್ಸಿಕನ್ ಸಿನಿಮಾದ ಸುವರ್ಣಯುಗ ಅನ್ನುತ್ತಾರೆ. ಇದಕ್ಕೆ ಕಲೆಯಷ್ಟೇ ವ್ಯವಹಾರದ ಕಾರಣಗಳೂ ಇದ್ದವು. ಎರಡನೆಯ ಮಹಾಯುದ್ಧದಲ್ಲಿ ಮೆಕ್ಸಿಕೋ ಅಮೆರಿಕದ ಪಕ್ಷದಲ್ಲಿತ್ತು. ಹಾಗಾಗಿ ಯುದ್ಧಕಾಲದಲ್ಲಿ ದುರ್ಲಭವಾಗಿದ್ದ ಕಚ್ಚಾ ಫಿಲಂ ಅಮೆರಿಕದಿಂದ ಅದಕ್ಕೆ ಸಿಕ್ಕಿತು. ಪೈಪೋಟಿಯಲ್ಲಿದ್ದ ಅರ್ಜೆಂಟೀನಾಕ್ಕೆ ಸಿಕ್ಕಲಿಲ್ಲ. 1942ರಲ್ಲಿ ಸಿನಿಮಾಕ್ಕೇ ಸಾಲ ಕೊಡುವ ಬ್ಯಾಂಕು ಹುಟ್ಟಿತು. ಸ್ಪ್ಯಾನಿಷ್ ಮಾತಾಡುವ ಜಗತ್ತಿಗೆಲ್ಲ ಮೆಕ್ಸಿಕೋ ಸಿನಿಮಾ ಕಳಿಸತೊಡಗಿತು.

ಈ ಕಾಲದ ದೊಡ್ಡ ಹೆಸರು ಎಮಿಲಿಯೊ ಫೆರ್ನಾಂದೆಸ್. ಅವನ ತಾಯಿ ಕಿಕಾಪೂ ಎಂಬ ಮೂಲನಿವಾಸಿ ಬುಡಕಟ್ಟಿನವಳು. ಜನ ಅವನನ್ನು ಕರೆಯುತ್ತಿದ್ದದ್ದೇ 'ಇಂಡಿಯನ್' ಅಂತ. ಅವನ ಕ್ಯಾಮೆರಾಮನ್ ಗಾಬ್ರಿಯೆಲ್ ಫಿಗೆರೋವಾ, ಹಾಲಿವುಡ್ಡಿನ ಗ್ರೆಗ್ ಟೋಲಂಡ್ ಹತ್ತಿರ ಕೆಲಸ ಕಲಿತು ಬಂದವನು. ಬರಹಗಾರ ಮೌರಿಸಿಯೊ ಮಗ್ದಲೆನೊ. ನಟ ಪೆದ್ರೊ ಅರ್ಮೆಂದಾರಿಸ್. ನಟಿ ದೊಲೋರೆಸ್ ದೆಲ್ ರಿಯೊ, ದುರಾಂಗೊದ ಸಿರಿವಂತ ಮನೆತನದ ಹೆಣ್ಣು, ಹಾಲಿವುಡ್ಡಿನಲ್ಲಿ ತಾರೆಯಾಗಿ ಮೆರೆದು ತಾಯ್ನಾಡಿಗೆ ಹಿಂತಿರುಗಿದವಳು. ಈ ಐವರು ಸೇರಿ 1943ರಲ್ಲಿ 'ಮರಿಯಾ ಕಾಂದೆಲಾರಿಯಾ' ಮಾಡಿದರು.

ಅದರ ಕಥೆಯನ್ನು ಇಲ್ಲಿ ಹೇಳಲೇಬೇಕು. ಕ್ರಾಂತಿಗೆ ಸ್ವಲ್ಪ ಮುಂಚಿನ ಕಾಲ. ಮೆಕ್ಸಿಕೋ ನಗರದ ಪಕ್ಕದ ಸೊಚಿಮಿಲ್ಕೊ, ನೀರ ಕಾಲುವೆಗಳ ನಡುವೆ ಹೂವು ತರಕಾರಿ ಬೆಳೆಯುವ ಊರು. ಮರಿಯಾ ಇಂಡಿಯನ್ ಹುಡುಗಿ. ಅವಳ ತಾಯಿ ಮೈ ಮಾರಿಕೊಂಡವಳು ಎಂಬ ಕಾರಣಕ್ಕೆ ಊರು ಅವಳನ್ನು ಹೊರಗಿಟ್ಟಿದೆ. ಅವಳ ಹೂವನ್ನು ಯಾರೂ ಕೊಳ್ಳುವ ಹಾಗಿಲ್ಲ. ಅವಳಿಗೆ ಜ್ವರ ಬಂದಾಗ ಅವಳ ಹುಡುಗ ಅಂಗಡಿಯಿಂದ ಕ್ವಿನೈನ್ ಕದ್ದು ಜೈಲು ಸೇರುತ್ತಾನೆ. ಅವನನ್ನು ಬಿಡಿಸುವುದಕ್ಕೆಂದು ಅವಳು ಒಬ್ಬ ಪಟ್ಟಣದ ಚಿತ್ರಕಾರನ ಮುಂದೆ ಕೂರಲು ಒಪ್ಪುತ್ತಾಳೆ. ಚಿತ್ರಕಾರ ಅವಳ ಮುಖ ಬರೆಯುತ್ತಾನೆ. ಬಟ್ಟೆ ತೆಗೆಯಬೇಕೆಂದಾಗ ಅವಳು ಓಡಿಹೋಗುತ್ತಾಳೆ. ಅವನು ಇನ್ನೊಬ್ಬ ಹೆಂಗಸಿನ ಬತ್ತಲೆ ಮೈಯನ್ನು ಮರಿಯಾಳ ಮುಖಕ್ಕೆ ಜೋಡಿಸಿ ಚಿತ್ರ ಮುಗಿಸುತ್ತಾನೆ. ಊರಿನ ಜನ ಆ ಚಿತ್ರ ನೋಡುತ್ತಾರೆ. ಅಟ್ಟಿಸಿಕೊಂಡು ಹೋಗಿ ಕಲ್ಲು ಹೊಡೆದು ಅವಳನ್ನು ಕೊಲ್ಲುತ್ತಾರೆ. ಇದೆಲ್ಲವನ್ನೂ ಆಮೇಲೆ ನೊಂದ ಚಿತ್ರಕಾರ ಒಬ್ಬ ಪತ್ರಕರ್ತೆಗೆ ಹೇಳುತ್ತಿರುವ ಹಾಗೆ ಸಿನಿಮಾ ಕಟ್ಟಿದ್ದಾರೆ.

ಮುಖ ಒಬ್ಬರದು, ಮೈ ಇನ್ನೊಬ್ಬರದು. ಈ ಸಿನಿಮಾ ತನ್ನ ಗುಟ್ಟನ್ನು ತಾನೇ ಬಿಚ್ಚಿ ಹೇಳಿದೆ, ಹೇಳಿದೆ ಅಂತ ಅದಕ್ಕೇ ಗೊತ್ತಿಲ್ಲ. ಕಥೆಯೊಳಗಿನ ಚಿತ್ರಕಾರ ಮಾಡಿದ್ದನ್ನೇ ಕಥೆಯ ಹೊರಗೆ ಸಿನಿಮಾದವರು ಮಾಡಿದರು. ಹೊರಗಿಡುವಿಕೆ, ಹಸಿವು, ಜ್ವರ, ಕಲ್ಲೇಟು ಎಲ್ಲವೂ ಇಂಡಿಯನ್ ಮೈಯದು. ಅದರ ಮೇಲೆ ಕೂರಿಸಿದ ಮುಖ ದೊಲೋರೆಸ್ ದೆಲ್ ರಿಯೊ ಅವರದು. ಇನ್ನೊಂದು ಸಂಗತಿಯನ್ನೂ ನೋಡಬೇಕು. ಕಥೆಯಲ್ಲಿ ಅವಳನ್ನು ಕೊಲ್ಲುವ ಗುಂಪು ಇಂಡಿಯನ್ನರದ್ದೇ. ಅವಳಿಗಾಗಿ ಮರುಗುವ ಹೃದಯ ಪಟ್ಟಣದ ಚಿತ್ರಕಾರನದು. ತಳದವರ ಕ್ರೌರ್ಯ, ಮೇಲಿನವರ ಕರುಣೆ: ನೋಡುಗ ಈ ಲೆಕ್ಕ ಹಿಡಿದುಕೊಂಡು ಮನೆಗೆ ಹೋಗುತ್ತಾನೆ.

1946ರಲ್ಲಿ ಫ್ರಾನ್ಸಿನ ಕಾನ್‌ನಲ್ಲಿ ನಡೆದ ಮೊದಲ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಹಂಚಿಕೊಂಡ ಚಿತ್ರಗಳಲ್ಲಿ ಇದೂ ಒಂದು. ಫಿಗೆರೋವಾನ ಛಾಯಾಗ್ರಹಣಕ್ಕೂ ಬಹುಮಾನ ಬಂತು. ಆಮೇಲೆ ಇದೇ ದಾರಿ ಹೆದ್ದಾರಿಯಾಯಿತು. 1948ರ 'ಮಕ್ಲೋವಿಯಾ'ದಲ್ಲಿ ಮರಿಯಾ ಫೆಲಿಕ್ಸ್ ದ್ವೀಪದ ಇಂಡಿಯನ್ ಹುಡುಗಿಯಾದಳು. 1957ರ 'ತಿಸೋಕ್'ನಲ್ಲಿ ಪೆದ್ರೊ ಇನ್ಫಾಂತೆ ಇಂಡಿಯನ್ ಬೇಟೆಗಾರನಾಗಿ, ಬರ್ಲಿನ್ನಿನಲ್ಲಿ ಮರಣೋತ್ತರವಾಗಿ ಶ್ರೇಷ್ಠ ನಟನೆನಿಸಿಕೊಂಡ. ತಾಯಿಯ ರಕ್ತದಲ್ಲಿ ಇಂಡಿಯನ್ ಆಗಿದ್ದ ಫೆರ್ನಾಂದೆಸ್‌ನಿಗೂ ಈ ಪದ್ಧತಿ ಮುರಿಯಲು ಆಗಲಿಲ್ಲ. ಒಬ್ಬ ವ್ಯಕ್ತಿಯ ಹುಟ್ಟಿನಿಂದಷ್ಟೇ ಒಂದು ಉದ್ಯಮದ ಕಣ್ಣು ಬದಲಾಗುವುದಿಲ್ಲ ಎಂಬ ಪಾಠವೂ ನಮಗೆ ಇಲ್ಲಿದೆ.

ಮೂರು

1946ರ ಆ ಪ್ರಶಸ್ತಿಯನ್ನು ಹಂಚಿಕೊಂಡ ಇನ್ನೊಂದು ಚಿತ್ರ ಭಾರತದ್ದು, ಚೇತನ್ ಆನಂದರ 'ನೀಚಾ ನಗರ್'. ಮೇಲಿನ ಊರಿನ ಸಾಹುಕಾರ ತನ್ನ ಕೊಳಕು ನೀರನ್ನು ಕೆಳಗಿನ ಬಡವರ ಊರಿಗೆ ಹರಿಸುವ ಕಥೆ. ಕೆಳಗಿನ ಊರಿಗೆ ಇಟ್ಟ ಹೆಸರೇ ನೀಚ. ಬಡತನ ಎಂಬ ಮಾತು ಅಲ್ಲಿದೆ, ಜಾತಿ ಎಂಬ ಮಾತು ಹಿಂದೆ ಸರಿದಿದೆ. ಮೆಕ್ಸಿಕೋ ಮತ್ತು ಭಾರತ ಒಂದೇ ವೇದಿಕೆಯಲ್ಲಿ, ಒಂದೇ ದಿನಗಳಲ್ಲಿ, ತಮ್ಮ ತಮ್ಮ ಕೆಳಗಿನ ಊರನ್ನು ತೋರಿಸಿ ಬಹುಮಾನ ಪಡೆದದ್ದನ್ನು ನಮ್ಮ ಸಿನಿಮಾ ವಿಮರ್ಶೆ ಒಟ್ಟಿಗಿಟ್ಟು ನೋಡಬೇಕಾಗಿದೆ.

ಅದಕ್ಕೂ ಹತ್ತು ವರ್ಷ ಮೊದಲು, 1936ರಲ್ಲಿ, ಬಾಂಬೆ ಟಾಕೀಸ್ 'ಅಛೂತ್ ಕನ್ಯಾ' ಮಾಡಿತ್ತು. 1932ರ ಪೂನಾ ಒಪ್ಪಂದ ಆಗಿ, ಗಾಂಧೀಜಿಯ ಹರಿಜನ ಪ್ರವಾಸ ಮುಗಿದಿದ್ದ ಕಾಲ. ಅಸ್ಪೃಶ್ಯ ಹುಡುಗಿ ಕಸ್ತೂರಿಯಾಗಿ ಬಂದವರು ದೇವಿಕಾ ರಾಣಿ, ಠಾಕೂರರ ಬಂಧು ವರ್ಗದವರು. ನಿರ್ದೇಶಕ ಫ್ರಾಂಜ್ ಓಸ್ಟನ್ ಮತ್ತು ಛಾಯಾಗ್ರಾಹಕ ಜೋಸೆಫ್ ವಿರ್ಷಿಂಗ್ ಇಬ್ಬರೂ ಜರ್ಮನಿಯವರು. ಕಸ್ತೂರಿ ಕೊನೆಯಲ್ಲಿ ಇತರರನ್ನು ಉಳಿಸುವುದಕ್ಕಾಗಿ ಪ್ರಾಣ ಕೊಡುತ್ತಾಳೆ. ಈ ದೇವಿಕಾ ರಾಣಿಯವರೇ ಮುಂದೆ ರೋರಿಚ್ ಅವರನ್ನು ಮದುವೆಯಾಗಿ ಬೆಂಗಳೂರಿನ ತಾತಗುಣಿಯಲ್ಲಿ ನೆಲೆಸಿ 1994ರಲ್ಲಿ ತೀರಿಕೊಂಡರು. ಅವರ ಎಸ್ಟೇಟಿನ ಆಸ್ತಿ ವಿವಾದದ ಬಗ್ಗೆ ಕನ್ನಡ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಕಸ್ತೂರಿಯ ಜಾತಿಯ ಹೆಣ್ಣುಮಕ್ಕಳು ಆ ಪಾತ್ರವನ್ನು ತಾವೇ ಯಾಕೆ ಮಾಡಲಾಗಲಿಲ್ಲ ಎಂಬುದಕ್ಕೆ ಅಷ್ಟು ಜಾಗ ಯಾವತ್ತೂ ಸಿಕ್ಕಿಲ್ಲ.

ಕಸ್ತೂರಿಗೂ ಮರಿಯಾಳಿಗೂ ಕೊಟ್ಟ ಕೆಲಸ ಒಂದೇ. ಚೆಲುವಾಗಿರಬೇಕು, ಮೌನವಾಗಿರಬೇಕು, ಕೊನೆಗೆ ಸಾಯಬೇಕು. ಅವಳ ಸಾವಿನಿಂದ ಮೇಲಿನವನೊಬ್ಬನ ಮನಸ್ಸು ಕರಗಬೇಕು.

ನಾಲ್ಕು

ಇನ್ನು ಶೃಂಗೇರಿಗೆ ಬರೋಣ. 'ಸಂಸ್ಕಾರ' ಕಾದಂಬರಿ ಬಂದದ್ದು 1965ರಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್ನನ 'ಸೆವೆಂತ್ ಸೀಲ್' ನೋಡಿದರು. ಪ್ಲೇಗು ಹರಡಿದ ನಾಡಿನಲ್ಲಿ ದೇವರನ್ನು ಹುಡುಕುವವನ ಆ ಸಿನಿಮಾ ತಮ್ಮನ್ನು ಬರವಣಿಗೆಗೆ ಹಚ್ಚಿತೆಂದು ಅವರೇ ಹೇಳಿಕೊಂಡಿದ್ದಾರೆ. ಹಾಗೆ ನೋಡಿದರೆ ಸಿನಿಮಾದಿಂದ ಹುಟ್ಟಿದ ಕಾದಂಬರಿ ಐದು ವರ್ಷದಲ್ಲಿ ಸಿನಿಮಾಕ್ಕೇ ಹಿಂತಿರುಗಿತು.

ಅದನ್ನು ಮಾಡಿದವರು ಸಾಧಾರಣ ಜನರಲ್ಲ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನ ಕವಿ, ಲೋಹಿಯಾವಾದಿ. ನಿರ್ಮಾಣ ಸಂಸ್ಥೆಗೆ ಇಟ್ಟ ಹೆಸರೇ ರಾಮಮನೋಹರ ಚಿತ್ರ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾದವರು ಗಿರೀಶ ಕಾರ್ನಾಡ್. ನಾರಣಪ್ಪನಾದವರು ಪಿ. ಲಂಕೇಶ್. ಕಲೆ ಎಸ್.ಜಿ. ವಾಸುದೇವ್ ಅವರದು, ಸಂಗೀತ ರಾಜೀವ ತಾರಾನಾಥರದು. ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ ಹಿಡಿದರು. ಚಂದ್ರಿಯಾದವರು ಸ್ನೇಹಲತಾ ರೆಡ್ಡಿ. ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರಕ್ಕೆ ತಡೆ ಹಾಕಿತು. ಆಮೇಲೆ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಅದನ್ನು ತೆರವು ಮಾಡಿತು. ಸ್ನೇಹಲತಾ ಅವರು ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧನಕ್ಕೊಳಗಾಗಿ ಬೆಂಗಳೂರು ಜೈಲಿನಲ್ಲಿ ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ 1977ರ ಜನವರಿ 20ರಂದು ತೀರಿಕೊಂಡರು. ಈ ಸಾವಿನ ಮುಂದೆ ತಲೆ ಬಾಗಿಸಿಯೇ ನಾನು ಮುಂದಿನ ಮಾತು ಹೇಳಬೇಕು. ಜಾತಿ ನಾಶವಾಗಬೇಕೆಂದು ನಂಬಿದವರು, ನಂಬಿದ್ದಕ್ಕೆ ಬೆಲೆ ತೆತ್ತವರು ಮಾಡಿದ ಚಿತ್ರ ಇದು. ಅದಕ್ಕೇ ಇದನ್ನು ಪ್ರಶ್ನಿಸುವುದರಲ್ಲಿ ಅರ್ಥವಿದೆ. ಶತ್ರುವಿನ ಕಣ್ಣಿಗೆ ನಾವು ಬೀಳದಿದ್ದರೆ ಆಶ್ಚರ್ಯವೇನು? ಮಿತ್ರರ ಕಣ್ಣಿಗೂ ಬೀಳದಿದ್ದದ್ದು ಯಾಕೆ?

ಕಥೆ ಎಲ್ಲರಿಗೂ ಗೊತ್ತು. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಗೆಟ್ಟ ನಾರಣಪ್ಪ ಸಾಯುತ್ತಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಿ ಉತ್ತರ ಸಿಕ್ಕದೆ ಹೆಣ ಕೊಳೆಯುತ್ತದೆ. ಬ್ರಾಹ್ಮಣರು ಉಪವಾಸ ಕೂರುತ್ತಾರೆ. ಖರ್ಚಿಗೆಂದು ಚಂದ್ರಿ ತನ್ನ ಮೈಮೇಲಿನ ಚಿನ್ನ ಬಿಚ್ಚಿ ಇಟ್ಟಾಗ ಆ ಚಿನ್ನದ ಮೇಲೇ ಎಲ್ಲರಿಗೂ ಆಸೆ ಹುಟ್ಟುತ್ತದೆ. ಕೊನೆಗೆ ರಾತ್ರೋರಾತ್ರಿ ಒಬ್ಬ ಮುಸ್ಲಿಂ ಮೀನುವ್ಯಾಪಾರಿಯ ನೆರವಿನಿಂದ ಚಂದ್ರಿಯೇ ಹೆಣ ಸುಡಿಸಿ, ಬೆಳಿಗ್ಗೆ ಕುಂದಾಪುರದ ಬಸ್ಸು ಹತ್ತಿ ಕಥೆಯಿಂದ ಹೊರಟುಹೋಗುತ್ತಾಳೆ.

ಇದೇ ಹೊತ್ತಿಗೆ ಹೊಲಗೇರಿಯಲ್ಲೂ ಜನ ಸಾಯುತ್ತಿದ್ದಾರೆ. ಕಾದಂಬರಿಯಲ್ಲಿ ಅಲ್ಲಿ ಗಂಡಹೆಂಡಿರಿಬ್ಬರೂ ಜ್ವರದಲ್ಲಿ ಸತ್ತಾಗ ಹೆಣಗಳಿದ್ದ ಗುಡಿಸಲಿಗೇ ಬೆಂಕಿ ಇಡುತ್ತಾರೆ. ಕೆಲವೇ ಸಾಲು. ನಾನು ಈ ಭಾಗ ಪಾಠ ಮಾಡಿದ ದಿನ, ಕೊಪ್ಪದ ಕಡೆಯ ಹಳ್ಳಿಯೊಂದರಿಂದ ಬರುವ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಅಲ್ಲ ಸಾರ್, ಆ ಗುಡ್ಲಲ್ಲಿ ಸುಟ್ಟು ಹೋದೋರಿಗೂ ಸಂಸ್ಕಾರ ಆಯ್ತು ಅಂತ ಲೆಕ್ಕನಾ?" ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಐವತ್ತು ವರ್ಷದ ಕನ್ನಡ ವಿಮರ್ಶೆ ಪ್ರಾಣೇಶಾಚಾರ್ಯರ ಅಸ್ತಿತ್ವದ ಆಯ್ಕೆಯ ಬಗ್ಗೆ ಬರೆದದ್ದನ್ನೆಲ್ಲ ಒಂದು ಕಡೆ, ಈ ಪ್ರಶ್ನೆಯನ್ನು ಒಂದು ಕಡೆ ಇಟ್ಟರೆ ತಕ್ಕಡಿ ಯಾವ ಕಡೆ ಬಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಲೇಖಕರಿಗೆ ಇದು ಗೊತ್ತಿರಲಿಲ್ಲ ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಒಂದು ಹೆಣಕ್ಕಾಗಿ ಅಗ್ರಹಾರ ಶಾಸ್ತ್ರ ತಿರುವಿ ಹಾಕುತ್ತಿರುವಾಗ ಪಕ್ಕದಲ್ಲೇ ಹೆಣಗಳು ಸದ್ದಿಲ್ಲದೆ ಉರಿದುಹೋಗುವ ವ್ಯಂಗ್ಯವನ್ನು ಅವರು ಬೇಕೆಂದೇ ಇಟ್ಟಿದ್ದಾರೆ. ನನ್ನ ಮಾತು ಇಷ್ಟೇ: ಆ ವ್ಯಂಗ್ಯ ಕೆಲಸ ಮಾಡುವುದು ಅಗ್ರಹಾರದ ಕಥೆಯ ಸಲುವಾಗಿ. ಕೇರಿಯ ಸಾವು ಪ್ಲೇಗು ಬಂತೆಂದು ಓದುಗನಿಗೆ ಸುಳಿವು ಕೊಡುವ ಸಾವು. ಹಾಗೆಯೇ ಬೆಳ್ಳಿ. ಅಗ್ರಹಾರದ ಹುಡುಗ ಶ್ರೀಪತಿಯ ಬಯಕೆಯ ಕಣ್ಣಿನಲ್ಲಿ ಅವಳು ಕಾಣುತ್ತಾಳೆ, ಹೆಚ್ಚಾಗಿ ಮೈಯಾಗಿ ಕಾಣುತ್ತಾಳೆ. ಸೊಚಿಮಿಲ್ಕೊದ ಮರಿಯಾಳ ಕಥೆಯನ್ನು ಚಿತ್ರಕಾರ ಹೇಳಿದ. ದೂರ್ವಾಸಪುರದ ಚಂದ್ರಿ ಬೆಳ್ಳಿಯರ ಕಥೆ ಆಚಾರ್ಯರ ಒಳಗುದಿಯೊಳಗೆ ಕರಗಿತು. ಹೊರಗಿಟ್ಟವಳ ಬಾಳು ಎರಡೂ ಕಡೆ ಒಬ್ಬ ಸೂಕ್ಷ್ಮ ಮನಸ್ಸಿನ ಗಂಡಸಿಗೆ ಜ್ಞಾನೋದಯ ಮಾಡಿಸಿ ಮುಗಿಯಿತು.

ಇದಕ್ಕೆ ಮಲೆನಾಡಿನ ನೆಲವೂ ಸಹಕರಿಸುತ್ತದೆ. ಬಯಲುಸೀಮೆಯಲ್ಲಿ ಊರು ಕೇರಿ ಎದುರುಬದುರು ಇರುತ್ತವೆ, ಕ್ಯಾಮೆರಾ ಸ್ವಲ್ಪ ತಿರುಗಿಸಿದರೆ ಕೇರಿ ಕಣ್ಣಿಗೆ ಬಿದ್ದೀತು. ನಮ್ಮಲ್ಲಿ ಹಾಗಲ್ಲ. ಹೊಳೆದಂಡೆಯಲ್ಲಿ ಅಗ್ರಹಾರ, ಅದಕ್ಕೆ ಅಂಟಿಕೊಂಡು ಅಡಿಕೆ ತೋಟ, ತೋಟದಾಚೆ ಗದ್ದೆ, ಅದರಾಚೆ ಸೊಪ್ಪಿನ ಬೆಟ್ಟ, ಬೆಟ್ಟದ ಹಿಂದೆಲ್ಲೋ ಕೇರಿ. ಕೂಗಿದರೆ ಕೇಳಿಸಬೇಕು, ನೋಡಿದರೆ ಕಾಣಿಸಬಾರದು. ಇಲ್ಲಿನ ಜಾತಿಯ ಅಳತೆ ಇದು. ತೆರೆಯ ಮೇಲೆ ಅಡಿಕೆ ತೋಟ ತಂಪಾಗಿ ಕಾಣುತ್ತದೆ. ಆ ತಂಪಿನ ಬುಡಕ್ಕೆ ಸೊಪ್ಪು ಹೊತ್ತು ಹಾಕಿದವರು, ಕೊಳೆರೋಗಕ್ಕೆ ಮಳೆಯಲ್ಲೇ ಮರ ಹತ್ತಿ ಔಷಧಿ ಹೊಡೆದವರು, ದೀಪದ ಬೆಳಕಿನಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿದವರು, ಹಸಲರು, ಹೊಲೆಯರು, ಘಟ್ಟದ ಕೆಳಗಿನಿಂದ ಬಂದ ಆಳುಗಳು - ಇವರೆಲ್ಲ ಚೌಕಟ್ಟಿನ ಹೊರಗೆ. 'ಸುಂದರ ಮಲೆನಾಡು' ಎಂಬ ದೃಶ್ಯ ಹುಟ್ಟುವುದೇ ದುಡಿದವರನ್ನು ಅಳಿಸಿದ ಮೇಲೆ. ಫಿಗೆರೋವಾನ ಮೋಡಗಳಿಗೂ ನಮ್ಮ ತುಂಗೆಗೂ ಈ ವಿಷಯದಲ್ಲಿ ನೆಂಟಸ್ತಿಕೆ ಇದೆ.

ಐದು

ಕನ್ನಡ ಸಿನಿಮಾದಲ್ಲಿ ಇನ್ನೊಬ್ಬಳು ಬೆಳ್ಳಿ ಇದ್ದಾಳೆ. 'ಚೋಮನ ದುಡಿ'ಯ ಚೋಮನ ಮಗಳು. ಶಿವರಾಮ ಕಾರಂತರ ಕಾದಂಬರಿ 1933ರದು. ಬಿ.ವಿ. ಕಾರಂತರು ಅದನ್ನು 1975ರಲ್ಲಿ ಸಿನಿಮಾ ಮಾಡಿದರು. ಅದಕ್ಕೂ ಸ್ವರ್ಣಕಮಲ ಬಂತು. ಚೋಮನಾದ ವಾಸುದೇವರಾಯರು ಶ್ರೇಷ್ಠ ನಟರೆನಿಸಿಕೊಂಡರು. ಬೆಳ್ಳಿಯಾದವರು ರಂಗಭೂಮಿಯ ಪದ್ಮಾ ಕುಮಟಾ. ಇಲ್ಲಿ ಕಥೆಯ ನಡುಮನೆಯಲ್ಲೇ ಕೇರಿ ಇದೆ, ಇದು ದೊಡ್ಡ ಹೆಜ್ಜೆ. ಸ್ವಂತ ನೆಲ ಉಳಬೇಕೆಂಬ ಚೋಮನ ಆಸೆ, ಅದು ಈಡೇರದ ಸಿಟ್ಟು, ದುಡಿಯ ಬಡಿತ ಇವನ್ನು ಮರೆಯುವಂತಿಲ್ಲ.

ನಮ್ಮ ಮೂರು ತಾಲ್ಲೂಕಿನವರು ಈ ಕಥೆಯಲ್ಲಿ ವಿಶೇಷವಾಗಿ ನೋಡಬೇಕಾದದ್ದು ಬೆಳ್ಳಿಯ ದಾರಿಯನ್ನು. ಚೋಮನ ಸಾಲ ತೀರಿಸಲು ಅವನ ಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹತ್ತುತ್ತಾರೆ. ಬೆಳ್ಳಿ ತನ್ನ ಮೈಯನ್ನು ತೆತ್ತದ್ದು ಅಲ್ಲಿ. ಘಟ್ಟದ ಕೆಳಗಿನ ಕಾದಂಬರಿಗೆ 'ಮೇಲಿನ ತೋಟ' ಎಂಬುದು ನಮಗೆ ಮನೆ, ಊರು, ಕೆಲಸದ ಜಾಗ. ಒಬ್ಬಳು ಬೆಳ್ಳಿ ಅಗ್ರಹಾರದ ಹುಡುಗನ ಬಯಕೆಗೆ, ಇನ್ನೊಬ್ಬಳು ಕಾಫಿ ತೋಟದ ಯಜಮಾನಿಕೆಗೆ. ಮಲೆನಾಡಿನ ಎರಡು ದೊಡ್ಡ ಆಸ್ತಿಗಳು ಅಡಿಕೆ ಮತ್ತು ಕಾಫಿ. ಎರಡಕ್ಕೂ ಒಬ್ಬೊಬ್ಬ ಬೆಳ್ಳಿಯನ್ನು ನಮ್ಮ ಸಾಹಿತ್ಯ ಕೊಟ್ಟಿದೆ. ಬೆಳ್ಳಿತೆರೆ ಅನ್ನುತ್ತೇವೆ. ಬೆಳ್ಳಿಯ ಮನೆಯ ಹೆಣ್ಣೊಬ್ಬಳು ಆ ತೆರೆಯ ಮೇಲೆ ಬೆಳ್ಳಿಯಾಗಲು ಜಾಗ ಇರಲಿಲ್ಲ.

ಕಾಲವನ್ನೂ ಗಮನಿಸಬೇಕು. 'ಸಂಸ್ಕಾರ' ಬಂದ ಮೂರು ವರ್ಷಕ್ಕೆ, 1973ರಲ್ಲಿ, ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಗಲಾಟೆಯೆದ್ದು ಮಂತ್ರಿಗಿರಿ ಹೋಯಿತು. ಅದೇ ವರ್ಷ ದೇವನೂರ ಮಹಾದೇವರ 'ದ್ಯಾವನೂರು', 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದವು. ಪೆನ್ನು ಒಂದು ರೂಪಾಯಿಗೆ ಸಿಕ್ಕುತ್ತಿತ್ತು, ನಮ್ಮವರು ಹಿಡಿದರು, ಸಾಹಿತ್ಯದ ಚಹರೆ ಬದಲಾಯಿತು. ಕ್ಯಾಮೆರಾಕ್ಕೆ ಲಕ್ಷ ಬೇಕಿತ್ತು, ಪರಿಚಯ ಬೇಕಿತ್ತು, ಪಟ್ಟಣದಲ್ಲಿ ಉಳಿಯಲು ಮನೆ ಬೇಕಿತ್ತು. ದಲಿತ ಸಾಹಿತ್ಯ ಹುಟ್ಟಿದ ದಶಕದಲ್ಲೇ ದಲಿತ ಸಿನಿಮಾ ಹುಟ್ಟದೇ ಹೋದದ್ದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ, ಬಂಡವಾಳದ ಜಾತಿ ಕಾರಣ.

ಆರು

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲಿ. ನಟನೆ ಎಂಬುದೇ ಪರಕಾಯ ಪ್ರವೇಶ. ಚೋಮನ ಪಾತ್ರವನ್ನು ಚೋಮನ ಜಾತಿಯವನೇ ಮಾಡಬೇಕೆಂದರೆ ಕಲೆ ಎಲ್ಲಿ ಉಳಿಯಿತು? ಅದು ಇನ್ನೊಂದು ರೀತಿಯ ಮಡಿಯಾಗಲಿಲ್ಲವೆ?

ಪರಕಾಯ ಪ್ರವೇಶಕ್ಕೆ ನನ್ನ ವಿರೋಧವಿಲ್ಲ. ಅದು ಎರಡೂ ಕಡೆ ನಡೆಯಲಿ ಅಂತ ನನ್ನ ಬೇಡಿಕೆ. ಶಾಸ್ತ್ರ ಓದಿ ಸೊರಗಿದ ಪ್ರಾಣೇಶಾಚಾರ್ಯನ ಪಾತ್ರಕ್ಕೆ ಕೇರಿಯ ಹುಡುಗನೊಬ್ಬನನ್ನು ನಮ್ಮ ಯಾವ ಹೊಸ ಅಲೆ ಕರೆಯಿತು? ಮೆಕ್ಸಿಕೋದ ಸುವರ್ಣಯುಗದಲ್ಲಿ ಬಂಗಲೆಯ ಬಿಳಿ ಒಡತಿಯ ಪಾತ್ರಕ್ಕೆ ಸೊಚಿಮಿಲ್ಕೊದ ಹೂವಾಡಗಿತ್ತಿಯನ್ನು ಯಾರು ಕೂರಿಸಿದರು? ಮೇಲಿನವರು ಕೆಳಗಿನವರ ಕಾಯ ಪ್ರವೇಶಿಸಬಹುದು, ಬಹುಮಾನವೂ ಉಂಟು. ಕೆಳಗಿನವರು ತಮ್ಮ ಕಾಯದಲ್ಲೇ ಬಂದರೂ ಬಾಗಿಲಲ್ಲಿ ನಿಲ್ಲಬೇಕು. ಒಂದೇ ದಿಕ್ಕಿಗೆ ತೆರೆಯುವ ಬಾಗಿಲಿಗೆ ಕಲೆ ಅಂತ ಹೆಸರಿಟ್ಟರೆ ಸಾಲದು. ದೇವಸ್ಥಾನದ ಬಾಗಿಲನ್ನು ನಾವು ಇದೇ ಕಾರಣಕ್ಕೆ ಪ್ರಶ್ನಿಸಿದ್ದು.

ಇನ್ನೊಂದು ಬಗೆಯ ಉದಾಹರಣೆ ಮೆಕ್ಸಿಕೋದಲ್ಲೇ ಇತ್ತು. 1936ರ 'ರೆದೆಸ್', ಅಂದರೆ ಬಲೆಗಳು. ಅಲ್ಲಿನ ಶಿಕ್ಷಣ ಇಲಾಖೆಯ ದುಡ್ಡಿನಲ್ಲಿ ಅಲ್ವಾರಾದೊ ಎಂಬ ಕಡಲೂರಿನಲ್ಲಿ ತೆಗೆದ ಚಿತ್ರ. ಕ್ಯಾಮೆರಾ ನ್ಯೂಯಾರ್ಕಿನ ಪಾಲ್ ಸ್ಟ್ರಾಂಡ್‌ನದು. ತೆರೆಯ ಮೇಲೆ ಬಹುಪಾಲು ಅಲ್ಲಿನ ಮೀನುಗಾರರೇ. ಕಥೆಯೂ ಅವರದೇ: ಮೀನಿನ ಬೆಲೆಗಾಗಿ ದಲ್ಲಾಳಿಯ ವಿರುದ್ಧ ಒಂದಾಗುವುದು. ಇಲ್ಲಿ ಬಡವರು ಒಟ್ಟು ಸೇರುವುದು ಹೆಣ್ಣೊಬ್ಬಳಿಗೆ ಕಲ್ಲು ಹೊಡೆಯಲಿಕ್ಕಲ್ಲ, ಕೂಲಿ ಕೇಳಲಿಕ್ಕೆ. ಮುಖ ಬದಲಾದಾಗ ಕಥೆಯೂ ಬದಲಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು. ಆದರೆ ಉದ್ಯಮ ಹಿಡಿದದ್ದು 'ಮರಿಯಾ ಕಾಂದೆಲಾರಿಯಾ'ದ ದಾರಿಯನ್ನು.

ಏಳು

ಈಗ ಕಾಲ ಬದಲಾಗಿದೆ ಅನ್ನುತ್ತಾರೆ. ಸ್ವಲ್ಪ ಬದಲಾಗಿದೆ. 2018ರಲ್ಲಿ ಮೆಕ್ಸಿಕೋದ ಆಲ್ಫೊನ್ಸೊ ಕ್ವಾರೊನ್ 'ರೋಮಾ' ಮಾಡಿದಾಗ ಮನೆಗೆಲಸದ ಹೆಣ್ಣಾಗಿ ಓಹಾಕಾದ ಮೂಲನಿವಾಸಿ ಕುಟುಂಬದ ಯಾಲಿತ್ಸಾ ಅಪಾರಿಸಿಯೊ ಬಂದರು. ಮಕ್ಕಳ ಶಾಲೆಯ ಮೇಷ್ಟ್ರಾಗಲು ಓದಿದ ಹುಡುಗಿ ಆಸ್ಕರ್ ನಾಮನಿರ್ದೇಶನದವರೆಗೆ ಹೋದಳು. ಅವಳ ದೇಶದ ನಟನೊಬ್ಬನೇ ಅವಳ ಹುಟ್ಟನ್ನು ಹಂಗಿಸಿದ್ದೂ ಸುದ್ದಿಯಾಯಿತು. ಎಪ್ಪತ್ತೈದು ವರ್ಷದ ಮೇಲೆ ಮೈಗೂ ಮುಖಕ್ಕೂ ಕೂಡಿಬಂತು. ಆದರೂ ಕಥೆ ಯಜಮಾನನ ಮನೆಯ ಮಗನ ನೆನಪು.

ನಮ್ಮಲ್ಲಿ 2015ರ 'ತಿಥಿ' ಮಂಡ್ಯದ ನೊದೆಕೊಪ್ಪಲಿನ ಹಳ್ಳಿಗರನ್ನೇ ನಟರನ್ನಾಗಿ ಮಾಡಿತು. 'ಸಂಸ್ಕಾರ'ದ ಹಾಗೆ ಇದೂ ಸಾವಿನ ಕರ್ಮದ ಸುತ್ತಲ ಕಥೆ. ಲೊಕಾರ್ನೊದಲ್ಲಿ ಇದಕ್ಕೆ ಬಹುಮಾನ ಬಂತು. ಊರಿನ ಮುಖ ಊರಿಗೆ ಸಿಕ್ಕಿತು, ಸಂತೋಷ. ಆದರೆ ಆ ಮುಖ ಉಳುವ ಗೌಡರ ಮುಖ. ಭೂಮಿಯ ವಿಷಯದಲ್ಲೂ ಹೀಗೇ ಆಗಿತ್ತು. 1951ರ ಕಾಗೋಡು ಸತ್ಯಾಗ್ರಹಕ್ಕೆ ಲೋಹಿಯಾ ಬಂದು ಬಂಧನಕ್ಕೊಳಗಾದರು, 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂತು, ಗೇಣಿದಾರ ಒಡೆಯನಾದ. ಗೇಣಿ ಚೀಟಿಯೂ ಇಲ್ಲದ ಆಳು ಆಳಾಗಿಯೇ ಉಳಿದ. ಅಗ್ರಹಾರದಿಂದ ಊರಿಗೆ ಬಂದ ಕ್ಯಾಮೆರಾ ಕೇರಿಗೆ ಬರುವ ದಾರಿ ಇನ್ನೂ ಉಳಿದಿದೆ.

ಆ ದಾರಿಯಲ್ಲಿ ನಡೆದವರು ಪಕ್ಕದ ನಾಡುಗಳಲ್ಲಿದ್ದಾರೆ. ಮರಾಠಿಯ ನಾಗರಾಜ ಮಂಜುಳೆ 2013ರಲ್ಲಿ 'ಫಂಡ್ರಿ' ಮಾಡಿದರು. ಕಥೆ, ನಿರ್ದೇಶನ ಎರಡೂ ಒಳಗಿನವು. ಹಂದಿ ಹಿಡಿಯುವ ಮನೆಯ ಹುಡುಗನಾಗಿ ಬಂದ ಸೋಮನಾಥ ಅವಘಡೆ ಹಳ್ಳಿಯ ಹುಡುಗ. ಅಲ್ಲಿ ಕಲ್ಲು ಬೀಸುವ ಕೈ ಹೊರಗಿಟ್ಟವನದೇ. ಮರಿಯಾ ತಿಂದ ಕಲ್ಲು ತಿರುಗಿ ಬಂದದ್ದು ಹೀಗೆ. ತಮಿಳಿನಲ್ಲಿ ಪಾ. ರಂಜಿತ್, ಮಾರಿ ಸೆಲ್ವರಾಜ್ ಇದ್ದಾರೆ. ಕನ್ನಡದಲ್ಲಿ ಇಂಥ ಹೆಸರುಗಳು ಒಂದು ಪರಂಪರೆಯಾಗಿ ಬೆಳೆಯುವುದು ಇನ್ನೂ ಆಗಬೇಕಾದ ಕೆಲಸ.

ಅಲ್ಲಿಯತನಕ ನಮ್ಮ ಸೀಮೆಯಲ್ಲಿ ಏನಾಗುತ್ತಿದೆ? 2022ರ ಅಕ್ಟೋಬರಿನಲ್ಲಿ ಬಾಳೆಹೊನ್ನೂರು ಠಾಣೆ ವ್ಯಾಪ್ತಿಯ ಕಾಫಿ ತೋಟವೊಂದರಲ್ಲಿ ಸಾಲದ ವಿಷಯಕ್ಕೆ ದಲಿತ ಕೂಲಿಗಳನ್ನು ಹೊಡೆದು ಕೂಡಿಹಾಕಿದರೆಂಬ ದೂರು ದಾಖಲಾಯಿತು. ಚೋಮನ ಮಕ್ಕಳು ಸಾಲಕ್ಕಾಗಿ ಘಟ್ಟ ಹತ್ತಿ ಎಂಬತ್ತೊಂಬತ್ತು ವರ್ಷ ಆಗಿತ್ತು. ಸಿನಿಮಾದ ಚರ್ಚೆ ನಮಗೆ ಸೌಂದರ್ಯದ ಚರ್ಚೆ ಮಾತ್ರ ಯಾಕಲ್ಲ ಎಂದರೆ ಇದಕ್ಕೇ. ಯಾರ ಮುಖ ಕಣ್ಣಿಗೆ ರೂಢಿಯಾಗಿಲ್ಲವೋ ಅವರ ಮಾತು ಠಾಣೆಯಲ್ಲೂ ತಾಲ್ಲೂಕು ಕಚೇರಿಯಲ್ಲೂ ಬೇಗ ನಂಬಿಕೆಗೆ ಬರುವುದಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಗೆಳೆಯರಿಗೆ, ನನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಇದನ್ನು ಮುಗಿಸುತ್ತೇನೆ. ಐದು ದಶಕದಿಂದ ನಮ್ಮ ಸೀಮೆಗೆ ಸಿನಿಮಾದವರು ಬಂದುಹೋಗಿದ್ದಾರೆ. ಅವರಿಗೆ ಅಡುಗೆಗೆ ಸೌದೆ ಒಡೆದವರು ಯಾರು, ಸಾಮಾನು ಹೊತ್ತು ಗುಡ್ಡ ಹತ್ತಿದವರು ಯಾರು, ಗುಂಪಿನ ದೃಶ್ಯದಲ್ಲಿ ಹಿಂದೆ ನಿಂತವರು ಯಾರು, ನಿಲ್ಲಬೇಡ ಅನ್ನಿಸಿಕೊಂಡು ಬೇಲಿಯಾಚೆ ನೋಡಿದವರು ಯಾರು? ಆ ಅಜ್ಜ ಅಜ್ಜಿಯರು ಕೆಲವರಾದರೂ ಇನ್ನೂ ಇದ್ದಾರು. ಅವರ ಮಾತು, ಅವರ ಹೆಸರು ಬರೆದಿಡಬೇಕು. ಈಗ ಕಿಸೆಯಲ್ಲಿರುವ ಫೋನಿನಲ್ಲೇ ಕ್ಯಾಮೆರಾ ಇದೆ, ಅವರ ಮುಖವನ್ನೂ ಹಿಡಿದಿಡಬಹುದು. ಕನ್ನಡ ಸಿನಿಮಾದ ಚರಿತ್ರೆಗೆ ಮೊದಲು ಸೇರಬೇಕಾದ ಪುಟ ಅದು. ಬೆಳ್ಳಿಯ ಕಥೆಯನ್ನು ಬೆಳ್ಳಿಯ ಮೊಮ್ಮಗಳು ತೆಗೆಯುವ ದಿನ, ಗುಡಿಸಲಿನೊಳಗೆ ಉರಿದುಹೋದವರ ಹೆಸರಿನಿಂದಲೇ ಅವಳು ಶುರು ಮಾಡಲಿ.